ಕಾನೂನು ದಾಟುವ ಬಾಗಿಲುಗಳು: ಸಂಸತ್ತಿನ ರಚನೆ ಮತ್ತು ಪಂಚಾಯತ್‌ಗಳಿಗೆ ಸಂವಿಧಾನದಲ್ಲಿ ಸ್ಥಾನ ದೊರೆತ ಬಗೆ

(ಗ್ರಾಮ ಪಂಚಾಯತ್ ಸದಸ್ಯರಿಗಾಗಿ ಅಧ್ಯಯನ ಪಾಠ)

ಪಾಠದ ಉದ್ದೇಶ

ಈ ಪಾಠವನ್ನು ಓದಿದ ಬಳಿಕ ಸದಸ್ಯರು (1) ಸಂಸತ್ತಿನ ರಚನೆಯನ್ನು, (2) ಒಂದು ವಿಧೇಯಕವು ಅಧಿನಿಯಮವಾಗುವ ಹಂತಗಳನ್ನು, (3) ಪಂಚಾಯತ್‌ಗಳಿಗೆ ಸಂಬಂಧಿಸಿದ ಸಂವಿಧಾನ ತಿದ್ದುಪಡಿ ಆ ಹಂತಗಳನ್ನು ದಾಟಿದ ಬಗೆಯನ್ನು ಹಾಗೂ (4) ತಮ್ಮ ಸಭೆಯ ನಿರ್ಣಯವನ್ನು ಯಾವ ಹಂತಕ್ಕೆ ಕಳುಹಿಸಬೇಕೆಂಬುದನ್ನು ವಿವರಿಸಲು ಶಕ್ತರಾಗಬೇಕೆಂಬುದು ಆಶಯ.

1. ಪೀಠಿಕೆ

ಗ್ರಾಮ ಪಂಚಾಯತ್‌ಗಳ ಸಾಮಾನ್ಯ ಸಭೆಗಳಲ್ಲಿ ಒಂದು ಮಾತು ಆಗಾಗ ಕೇಳಿಬರುತ್ತದೆ: "ಸರ್ಕಾರ ಕಾನೂನು ಮಾಡಿಬಿಟ್ಟಿದೆ, ನಾವೇನು ಮಾಡಲು ಸಾಧ್ಯ?" ಈ ಮಾತಿನಲ್ಲಿ ಎರಡು ತಪ್ಪು ತಿಳಿವಳಿಕೆಗಳಿವೆ. ಮೊದಲನೆಯದಾಗಿ, ಕಾನೂನು ಮಾಡುವುದು ಸರ್ಕಾರವಲ್ಲ, ಶಾಸನಸಭೆ. ಸರ್ಕಾರವು ಕಾನೂನಿನ ಕರಡನ್ನು ಸಭೆಯ ಮುಂದಿಡುತ್ತದೆ ಮತ್ತು ಅಂಗೀಕಾರವಾದ ಮೇಲೆ ಅದನ್ನು ಜಾರಿಗೆ ತರುತ್ತದೆ. ಇವೆರಡರ ನಡುವಿನ ಕೆಲಸ ಚುನಾಯಿತ ಸಭೆಯದು. ಎರಡನೆಯದಾಗಿ, ಕಾನೂನು ಒಂದೇ ದಿನದಲ್ಲಿ ಒಬ್ಬರ ಸಹಿಯಿಂದ ಹುಟ್ಟುವುದಿಲ್ಲ. ಅದು ಹಲವು ಬಾಗಿಲುಗಳನ್ನು ದಾಟಿ ಬರಬೇಕು. ಯಾವುದೇ ಬಾಗಿಲಿನಲ್ಲಿ ಅದು ನಿಂತುಹೋಗಬಹುದು, ತಿದ್ದುಪಡಿಯಾಗಬಹುದು, ಹಿಂದಿರುಗಲೂಬಹುದು.

ಇದಕ್ಕೆ ದೂರದ ಉದಾಹರಣೆ ಬೇಕಿಲ್ಲ. ಗ್ರಾಮ ಪಂಚಾಯತ್‌ನ ಐದು ವರ್ಷಗಳ ನಿಶ್ಚಿತ ಅವಧಿ, ಮಹಿಳೆಯರಿಗೂ ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡಗಳಿಗೂ ಮೀಸಲಾದ ಸ್ಥಾನಗಳು, ಗ್ರಾಮಸಭೆಗೆ ಇರುವ ಸಂವಿಧಾನಾತ್ಮಕ ಮಾನ್ಯತೆ ಇವೆಲ್ಲವೂ ಒಂದು ವಿಧೇಯಕದಿಂದ ಬಂದವು. ಆ ಪ್ರಯತ್ನ 1989ರಲ್ಲಿ ಸೋತಿತು, 1990ರಲ್ಲಿ ಅರ್ಧದಲ್ಲಿ ನಿಂತಿತು, 1992ರಲ್ಲಿ ಸಂಸತ್ತಿನ ಅಂಗೀಕಾರ ಪಡೆದು 1993ರಲ್ಲಿ ಜಾರಿಗೆ ಬಂದಿತು. ಆ ಪಯಣವನ್ನೇ ಉದಾಹರಣೆಯಾಗಿ ಇಟ್ಟುಕೊಂಡು ಈ ಪಾಠವು ಸಂಸತ್ತಿನ ಕಾರ್ಯವಿಧಾನವನ್ನು ವಿವರಿಸುತ್ತದೆ.

2. ಸಂಸತ್ತಿನ ಮೂರು ಅಂಗಗಳು

ಸಂವಿಧಾನದ 79ನೇ ಅನುಚ್ಛೇದದ ಪ್ರಕಾರ ಸಂಸತ್ತು ಎಂದರೆ ರಾಷ್ಟ್ರಪತಿಗಳು, ರಾಜ್ಯಸಭೆ ಮತ್ತು ಲೋಕಸಭೆ ಈ ಮೂರೂ ಸೇರಿದ ಸಂಸ್ಥೆ. ರಾಷ್ಟ್ರಪತಿಗಳು ಯಾವ ಸದನದ ಸದಸ್ಯರೂ ಅಲ್ಲ. ಆದರೂ ಅವರ ಅಂಕಿತವಿಲ್ಲದೆ ಯಾವ ವಿಧೇಯಕವೂ ಕಾನೂನಾಗದು. ಆದ್ದರಿಂದಲೇ ಅವರನ್ನು ಸಂಸತ್ತಿನ ಭಾಗವೆಂದು ಪರಿಗಣಿಸಲಾಗಿದೆ.

ಲೋಕಸಭೆ: ಜನರಿಂದ ನೇರವಾಗಿ ಚುನಾಯಿತರಾದ 543 ಸದಸ್ಯರ ಸದನ. ಕರ್ನಾಟಕದಿಂದ 28 ಸ್ಥಾನಗಳಿವೆ. ಅವಧಿ ಐದು ವರ್ಷ; ಅದಕ್ಕೂ ಮೊದಲೇ ವಿಸರ್ಜನೆಯಾಗಬಹುದು. ಸದನವನ್ನು ಸಭಾಧ್ಯಕ್ಷರು ನಡೆಸುತ್ತಾರೆ. ಕರ್ನಾಟಕದವರಾದ ಕೆ.ಎಸ್. ಹೆಗ್ಡೆಯವರು 1977ರಿಂದ 1980ರ ಅವಧಿಯಲ್ಲಿ ಈ ಪೀಠದಲ್ಲಿದ್ದರು. ಮೊದಲ ಸುತ್ತಿನಲ್ಲಿ ಸಭಾಧ್ಯಕ್ಷರು ಮತ ಹಾಕುವುದಿಲ್ಲ. ಮತಗಳು ಸಮನಾದಾಗ ಮಾತ್ರ ನಿರ್ಣಾಯಕ ಮತ ನೀಡುತ್ತಾರೆ.

ರಾಜ್ಯಸಭೆ: ಒಟ್ಟು 245 ಸ್ಥಾನಗಳು. ಇವುಗಳಲ್ಲಿ 233 ಚುನಾಯಿತ ಸ್ಥಾನಗಳು. ಉಳಿದ 12 ಸ್ಥಾನಗಳಿಗೆ ರಾಷ್ಟ್ರಪತಿಗಳು ನಾಮನಿರ್ದೇಶನ ಮಾಡುತ್ತಾರೆ. ರಾಜ್ಯಗಳ ಪ್ರತಿನಿಧಿಗಳನ್ನು ಆಯಾ ವಿಧಾನಸಭೆಯ ಚುನಾಯಿತ ಸದಸ್ಯರು ಆರಿಸುತ್ತಾರೆ. ಕರ್ನಾಟಕಕ್ಕೆ 12 ಸ್ಥಾನಗಳಿವೆ. ಸದಸ್ಯರ ಅವಧಿ ಆರು ವರ್ಷ. ಎರಡು ವರ್ಷಗಳಿಗೊಮ್ಮೆ ಮೂರನೇ ಒಂದರಷ್ಟು ಸದಸ್ಯರು ನಿವೃತ್ತರಾಗುತ್ತಾರೆ. ಹೀಗಾಗಿ ಈ ಸದನ ಎಂದೂ ವಿಸರ್ಜನೆಯಾಗುವುದಿಲ್ಲ. ಉಪರಾಷ್ಟ್ರಪತಿಗಳೇ ಇದರ ಸಭಾಪತಿಗಳು.

ಎರಡು ಸದನಗಳೇಕೆ ಎಂಬ ಪ್ರಶ್ನೆ ಸಹಜ. ಲೋಕಸಭೆಯು ದೇಶದ ಜನರ ಧ್ವನಿಯಾದರೆ ರಾಜ್ಯಸಭೆಯು ರಾಜ್ಯಗಳ ಧ್ವನಿ. ಒಂದು ಚುನಾವಣೆಯಲ್ಲಿ ದೊರೆತ ಬಹುಮತದ ಭರದಲ್ಲಿ ರಾಜ್ಯಗಳಿಗೆ ಸಂಬಂಧಿಸಿದ ವಿಷಯವು ಆತುರದಿಂದ ತೀರ್ಮಾನವಾಗಬಾರದೆಂಬ ಎಚ್ಚರಿಕೆ ಈ ವ್ಯವಸ್ಥೆಯ ಹಿಂದಿದೆ. ಪಂಚಾಯತ್ ವಿಧೇಯಕದ ಪ್ರಸಂಗದಲ್ಲಿ ಈ ವ್ಯತ್ಯಾಸವೇ ನಿರ್ಣಾಯಕವಾಯಿತೆಂಬುದು ಮುಂದೆ ತಿಳಿಯುತ್ತದೆ.

ಸದನಗಳ ಎರಡು ಅಧಿವೇಶನಗಳ ನಡುವೆ ಆರು ತಿಂಗಳಿಗಿಂತ ಹೆಚ್ಚು ಅಂತರವಿರಬಾರದು. ಸಭೆ ನಡೆಸಲು ಸದನದ ಒಟ್ಟು ಸದಸ್ಯರಲ್ಲಿ ಹತ್ತನೇ ಒಂದರಷ್ಟು ಮಂದಿ ಹಾಜರಿರಬೇಕು, ಇದೇ ಕೋರಂ.

3. ಯಾವ ವಿಷಯ ಯಾರ ವ್ಯಾಪ್ತಿಗೆ ಸೇರಿದ್ದು?

ಸಂಸತ್ತು ಎಲ್ಲ ವಿಷಯಗಳ ಮೇಲೂ ಕಾನೂನು ಮಾಡುವಂತಿಲ್ಲ. ಸಂವಿಧಾನದ ಏಳನೇ ಅನುಸೂಚಿಯಲ್ಲಿ ಮೂರು ಪಟ್ಟಿಗಳಿವೆ. ರಕ್ಷಣೆ, ರೈಲ್ವೆ, ಅಂಚೆ ಮುಂತಾದವು ಕೇಂದ್ರ ಪಟ್ಟಿಯಲ್ಲಿವೆ. ಭೂಮಿ, ಕೃಷಿ, ಸಾರ್ವಜನಿಕ ಆರೋಗ್ಯ ಮತ್ತು ಸ್ಥಳೀಯ ಆಡಳಿತ ರಾಜ್ಯ ಪಟ್ಟಿಯಲ್ಲಿವೆ. ಸಮವರ್ತಿ ಪಟ್ಟಿಯ ವಿಷಯಗಳ ಮೇಲೆ ಇಬ್ಬರೂ ಕಾನೂನು ಮಾಡಬಹುದು. ಶಿಕ್ಷಣವು 1976ರ 42ನೇ ತಿದ್ದುಪಡಿಯ ಮೂಲಕ ರಾಜ್ಯ ಪಟ್ಟಿಯಿಂದ ಇಲ್ಲಿಗೆ ಬಂದಿತು.

ಸ್ಥಳೀಯ ಆಡಳಿತ, ಅಂದರೆ ಪಂಚಾಯತ್, ರಾಜ್ಯ ಪಟ್ಟಿಯ 5ನೇ ನಮೂದು. ಹೀಗಿರುವಾಗ ಪಂಚಾಯತ್‌ಗಳ ಬಗ್ಗೆ ದೇಶಕ್ಕೆಲ್ಲ ಅನ್ವಯಿಸುವ ಭದ್ರತೆಯನ್ನು ಸಂಸತ್ತು ಸಾಮಾನ್ಯ ಕಾನೂನಿನಿಂದ ನೀಡಲು ಸಾಧ್ಯವಿರಲಿಲ್ಲ. ಸಂವಿಧಾನವನ್ನೇ ತಿದ್ದುವುದು ಉಳಿದಿದ್ದ ದಾರಿ.

4. ವಿಧೇಯಕ ಸಾಗುವ ಹಂತಗಳು

ಕಾನೂನಿನ ಕರಡನ್ನು ವಿಧೇಯಕ ಅಥವಾ ಮಸೂದೆ ಎನ್ನುತ್ತಾರೆ. ಸಚಿವರು ಮಂಡಿಸಿದರೆ ಅದು ಸರ್ಕಾರಿ ವಿಧೇಯಕ. ಸಚಿವರಲ್ಲದ ಸದಸ್ಯರು ಮಂಡಿಸಿದರೆ ಖಾಸಗಿ ಸದಸ್ಯರ ವಿಧೇಯಕ. ಸ್ವಾತಂತ್ರ್ಯಾನಂತರ ಕಾನೂನಾಗಿರುವ ಖಾಸಗಿ ಸದಸ್ಯರ ವಿಧೇಯಕಗಳು 14 ಮಾತ್ರ, ಕೊನೆಯದು 1970ರಲ್ಲಿ.

(ಅ) ಮಂಡನೆ: ಸದನದ ಅನುಮತಿ ಪಡೆದು ವಿಧೇಯಕವನ್ನು ಮಂಡಿಸಲಾಗುತ್ತದೆ. ಇದೇ ಮೊದಲ ವಾಚನ. ವಿಧೇಯಕದೊಂದಿಗೆ 'ಉದ್ದೇಶಗಳು ಮತ್ತು ಕಾರಣಗಳ ಹೇಳಿಕೆ' ಇರುತ್ತದೆ. ಕಾನೂನು ಏಕೆ ಬೇಕಾಯಿತೆಂಬುದನ್ನು ಸರಳ ಮಾತಿನಲ್ಲಿ ತಿಳಿಯಬೇಕಾದರೆ ಈ ಹೇಳಿಕೆಯನ್ನೇ ಮೊದಲು ಓದಬೇಕು.

(ಆ) ಸಮಿತಿ ಪರಿಶೀಲನೆ: ನೂರಾರು ಸದಸ್ಯರ ಸದನದಲ್ಲಿ ಪ್ರತಿ ಪದವನ್ನೂ ತೂಗಿ ನೋಡುವುದು ಕಷ್ಟ. ಆದ್ದರಿಂದ ವಿಧೇಯಕವನ್ನು ಸಮಿತಿಗೆ ಒಪ್ಪಿಸಬಹುದು. ಇಲಾಖಾವಾರು ಸ್ಥಾಯಿ ಸಮಿತಿಗಳು 24 ಇವೆ. ಪ್ರತಿಯೊಂದರಲ್ಲಿ 31 ಸದಸ್ಯರು: ಲೋಕಸಭೆಯಿಂದ 21, ರಾಜ್ಯಸಭೆಯಿಂದ 10. ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಷಯಕ್ಕೂ ಇಂತಹ ಒಂದು ಸಮಿತಿಯಿದೆ. ಸಮಿತಿಯು ತಜ್ಞರನ್ನು ಕರೆಸಿ ವಿಚಾರಿಸಬಹುದು, ಸಾರ್ವಜನಿಕರಿಂದ ಲಿಖಿತ ಅಭಿಪ್ರಾಯಗಳನ್ನು ಆಹ್ವಾನಿಸಬಹುದು. ಕೆಲವು ಮಹತ್ವದ ವಿಧೇಯಕಗಳಿಗೆಂದೇ ಎರಡೂ ಸದನಗಳ ಜಂಟಿ ಸಮಿತಿಯನ್ನು ರಚಿಸುವುದುಂಟು. ಸಮಿತಿಯ ವರದಿ ಸಲಹೆಯ ರೂಪದ್ದು. ಅಂತಿಮ ತೀರ್ಮಾನ ಸದನದ್ದೇ.

(ಇ) ಎರಡನೇ ವಾಚನ: ಮೊದಲು ವಿಧೇಯಕದ ತತ್ವಗಳ ಮೇಲೆ ಸಾಮಾನ್ಯ ಚರ್ಚೆ. ಬಳಿಕ ಒಂದೊಂದೇ ಖಂಡವನ್ನು ತೆಗೆದುಕೊಂಡು ತಿದ್ದುಪಡಿಗಳನ್ನು ಮಂಡಿಸಿ ಮತಕ್ಕೆ ಹಾಕುವುದು. ಶಾಸನಕಾರ್ಯದ ತಿರುಳು ಇಲ್ಲಿದೆ.

(ಈ) ಮೂರನೇ ವಾಚನ: ಈ ಹಂತದಲ್ಲಿ ಇಡೀ ವಿಧೇಯಕವನ್ನು ಅಂಗೀಕರಿಸಬೇಕೇ ಬೇಡವೇ ಎಂಬುದಷ್ಟೇ ಪ್ರಶ್ನೆ. 'ಹೌದು' 'ಇಲ್ಲ' ಎಂಬ ಧ್ವನಿಮತದಿಂದ ಅಥವಾ ಮತಗಳನ್ನು ಎಣಿಸುವ ಮತವಿಭಜನೆಯಿಂದ ತೀರ್ಮಾನವಾಗುತ್ತದೆ.

(ಉ) ಇನ್ನೊಂದು ಸದನ: ಅಲ್ಲಿಯೂ ಇದೇ ವಾಚನಗಳು ಮತ್ತೆ ನಡೆಯುತ್ತವೆ. ಸಾಮಾನ್ಯ ವಿಧೇಯಕದ ಬಗ್ಗೆ ಸದನಗಳಲ್ಲಿ ಒಮ್ಮತ ಮೂಡದಿದ್ದರೆ ರಾಷ್ಟ್ರಪತಿಗಳು 108ನೇ ಅನುಚ್ಛೇದದಡಿ ಜಂಟಿ ಅಧಿವೇಶನ ಕರೆಯಬಹುದು. ವರದಕ್ಷಿಣೆ ನಿಷೇಧ ವಿಧೇಯಕಕ್ಕಾಗಿ 1961ರಲ್ಲಿ, ಬ್ಯಾಂಕಿಂಗ್ ಸೇವಾ ಆಯೋಗದ ರದ್ದತಿ ವಿಧೇಯಕಕ್ಕಾಗಿ 1978ರಲ್ಲಿ ಮತ್ತು ಭಯೋತ್ಪಾದನೆ ತಡೆ ವಿಧೇಯಕಕ್ಕಾಗಿ 2002ರಲ್ಲಿ ಹೀಗೆ ನಡೆದಿದೆ.

(ಊ) ಅಂಕಿತ ಮತ್ತು ಪ್ರಕಟಣೆ: ರಾಷ್ಟ್ರಪತಿಗಳು ಅಂಕಿತ ನೀಡಬಹುದು, ತಡೆಹಿಡಿಯಬಹುದು ಅಥವಾ ಧನ ವಿಧೇಯಕವಲ್ಲದಿದ್ದರೆ ಪುನರ್ ಪರಿಶೀಲನೆಗೆ ಹಿಂದಿರುಗಿಸಬಹುದು. ಸದನಗಳು ಮತ್ತೆ ಅಂಗೀಕರಿಸಿದರೆ ಅಂಕಿತ ತಡೆಹಿಡಿಯುವಂತಿಲ್ಲ. ಅಂಕಿತದ ನಂತರ ವಿಧೇಯಕವು ಅಧಿನಿಯಮವಾಗಿ ರಾಜ್ಯಪತ್ರದಲ್ಲಿ ಪ್ರಕಟವಾಗುತ್ತದೆ. ಅಂಕಿತದ ದಿನಾಂಕ ಮತ್ತು ಜಾರಿಯ ದಿನಾಂಕ ಒಂದೇ ಆಗಿರಬೇಕೆಂದಿಲ್ಲ.

ಧನ ವಿಧೇಯಕದ ಕ್ರಮ ಬೇರೆ. ಅದನ್ನು ಲೋಕಸಭೆಯಲ್ಲಿ ಮಾತ್ರ ಮಂಡಿಸಬೇಕು. ರಾಜ್ಯಸಭೆಯು 14 ದಿನಗಳೊಳಗೆ ಶಿಫಾರಸುಗಳೊಂದಿಗೆ ಹಿಂದಿರುಗಿಸಬೇಕು. ಆ ಶಿಫಾರಸುಗಳನ್ನು ಒಪ್ಪುವುದು ಬಿಡುವುದು ಲೋಕಸಭೆಗೆ ಸೇರಿದ್ದು. ಶಾಸನಸಭೆಯು ಕಾನೂನಿನ ಮೂಲಕ ಒಪ್ಪದೆ ಸಂಚಿತ ನಿಧಿಯಿಂದ ಒಂದು ರೂಪಾಯಿಯನ್ನೂ ತೆಗೆಯುವಂತಿಲ್ಲ. ಗ್ರಾಮ ಪಂಚಾಯತ್ ಖಾತೆಗೆ ಜಮೆಯಾಗುವ ಹಣಕಾಸು ಆಯೋಗದ ಅನುದಾನವೂ ಇಂತಹ ಒಪ್ಪಿಗೆಯನ್ನು ದಾಟಿಯೇ ಬಂದಿರುತ್ತದೆ.

5. ಬಹುಮತದ ಲೆಕ್ಕ

ಸಾಮಾನ್ಯ ವಿಧೇಯಕಕ್ಕೆ ಸರಳ ಬಹುಮತ ಸಾಕು. 300 ಸದಸ್ಯರು ಹಾಜರಿದ್ದು ಮತ ಹಾಕಿದರೆ 151 ಮತಗಳಿಂದ ಅಂಗೀಕಾರವಾಗುತ್ತದೆ.

ಸಂವಿಧಾನ ತಿದ್ದುಪಡಿಗೆ 368ನೇ ಅನುಚ್ಛೇದವು ವಿಶೇಷ ಬಹುಮತವನ್ನು ಕೇಳುತ್ತದೆ. ಅದರಲ್ಲಿ ಎರಡು ಷರತ್ತುಗಳಿವೆ. ಎರಡನ್ನೂ ಪ್ರತಿ ಸದನದಲ್ಲಿ ಪ್ರತ್ಯೇಕವಾಗಿ ಪೂರೈಸಬೇಕು.

ಷರತ್ತು 1: ಸದನದ ಒಟ್ಟು ಸದಸ್ಯಬಲದಲ್ಲಿ ಅರ್ಧಕ್ಕಿಂತ ಹೆಚ್ಚು ಮತ. 543ರ ಲೋಕಸಭೆಯಲ್ಲಿ 272. 245ರ ರಾಜ್ಯಸಭೆಯಲ್ಲಿ 123.
ಷರತ್ತು 2: ಹಾಜರಿದ್ದು ಮತ ಹಾಕಿದವರಲ್ಲಿ ಕನಿಷ್ಠ ಮೂರನೇ ಎರಡರಷ್ಟು ಮತ.

ಉದಾಹರಣೆ ಒಂದು: ಲೋಕಸಭೆಯಲ್ಲಿ 450 ಮಂದಿ ಮತ ಹಾಕಿದರು, ಪರವಾಗಿ 290 ಮತ ಬಂದವು. 272 ದಾಟಿದೆ, ಆದರೆ 450ರ ಮೂರನೇ ಎರಡು ಭಾಗ 300. ವಿಧೇಯಕ ಬಿದ್ದುಹೋಗುತ್ತದೆ.

ಉದಾಹರಣೆ ಎರಡು: 390 ಮಂದಿ ಮಾತ್ರ ಮತ ಹಾಕಿದರು, ಪರವಾಗಿ 265 ಮತ ಬಂದವು. ಮೂರನೇ ಎರಡು ಭಾಗವಾದ 260 ದಾಟಿದೆ, ಆದರೆ 272 ಆಗಿಲ್ಲ. ಆಗಲೂ ವಿಧೇಯಕ ಬಿದ್ದುಹೋಗುತ್ತದೆ.

ಎರಡನೇ ಉದಾಹರಣೆಯಲ್ಲಿ ವಿಧೇಯಕವನ್ನು ಸೋಲಿಸಿದ್ದು ವಿರೋಧದ ಮತಗಳಲ್ಲ, ಗೈರುಹಾಜರಿ. ಒಟ್ಟು ಸದಸ್ಯಬಲವನ್ನು ಎಣಿಸುವ ಕಡೆಯಲ್ಲೆಲ್ಲ ಸಭೆಗೆ ಬಾರದ ಸದಸ್ಯರೂ ಫಲಿತಾಂಶದ ಮೇಲೆ ಪರಿಣಾಮ ಬೀರುತ್ತಾರೆ.

ಇವುಗಳ ಜೊತೆಗೆ, ರಾಜ್ಯಗಳ ಅಧಿಕಾರವನ್ನು ತಟ್ಟುವ ಕೆಲವು ತಿದ್ದುಪಡಿಗಳಿಗೆ ಕನಿಷ್ಠ ಅರ್ಧದಷ್ಟು ರಾಜ್ಯಗಳ ಶಾಸನಸಭೆಗಳ ಅನುಸಮರ್ಥನೆಯೂ ಬೇಕು. ಸಂವಿಧಾನ ತಿದ್ದುಪಡಿ ವಿಧೇಯಕಕ್ಕೆ ಜಂಟಿ ಅಧಿವೇಶನದ ಅವಕಾಶವಿಲ್ಲ. ಒಂದು ಸದನ ಒಪ್ಪದಿದ್ದರೆ ಅಲ್ಲಿಗೆ ಮುಗಿಯಿತು.

6. ಪಂಚಾಯತ್ ವಿಧೇಯಕದ ಪಯಣ

ಸಂವಿಧಾನದ ಕರಡಿನಲ್ಲಿ ಗ್ರಾಮ ಪಂಚಾಯತ್‌ಗಳ ಪ್ರಸ್ತಾಪ ಇರಲಿಲ್ಲ. 1948ರ ನವೆಂಬರ್‌ನಲ್ಲಿ ಸಂವಿಧಾನ ರಚನಾ ಸಭೆಯಲ್ಲಿ ಕೆ. ಸಂತಾನಂ ಅವರು ಮಂಡಿಸಿದ ತಿದ್ದುಪಡಿಯನ್ನು ಡಾ. ಬಿ.ಆರ್. ಅಂಬೇಡ್ಕರ್ ಅವರು ಒಪ್ಪಿಕೊಂಡರು. ಅದೇ ಇಂದಿನ 40ನೇ ಅನುಚ್ಛೇದ. ಆದರೆ ಅದು ನಿರ್ದೇಶಕ ತತ್ವ. ಪಾಲಿಸದಿದ್ದರೆ ನ್ಯಾಯಾಲಯಕ್ಕೆ ಹೋಗುವಂತಿಲ್ಲ. ಪರಿಣಾಮವಾಗಿ ಪಂಚಾಯತ್‌ಗಳ ಅಳಿವು ಉಳಿವು ಆಯಾ ರಾಜ್ಯದ ಇಚ್ಛೆಗೆ ಒಳಪಟ್ಟಿತ್ತು.

ಕರ್ನಾಟಕವು ಈ ವಿಷಯದಲ್ಲಿ ಮುಂದಡಿ ಇಟ್ಟಿತು. ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆ ಮತ್ತು ಸಚಿವ ಅಬ್ದುಲ್ ನಜೀರ್ ಸಾಬ್ ಅವರ ಕಾಲದಲ್ಲಿ ರಾಜ್ಯ ವಿಧಾನಮಂಡಲವು 1983ರಲ್ಲಿ ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯತ್‌ಗಳ ಕಾನೂನನ್ನು ಅಂಗೀಕರಿಸಿತು. ಅದಕ್ಕೆ ರಾಷ್ಟ್ರಪತಿಗಳ ಅಂಕಿತ ದೊರೆತದ್ದು 1985ರಲ್ಲಿ. ಚುನಾವಣೆ ನಡೆದದ್ದು 1987ರ ಜನವರಿಯಲ್ಲಿ. ಅದರಲ್ಲಿ ಮಹಿಳೆಯರಿಗೆ ಶೇಕಡ 25ರಷ್ಟು ಸ್ಥಾನಗಳನ್ನು ಮೀಸಲಿಡಲಾಗಿತ್ತು. ಆದರೆ ರಾಜ್ಯ ಕಾನೂನಿನಿಂದ ಬಂದದ್ದನ್ನು ರಾಜ್ಯ ಕಾನೂನಿನಿಂದಲೇ ಹಿಂದೆ ಪಡೆಯಬಹುದಾಗಿತ್ತು. ಎಲ್ಲ ರಾಜ್ಯಗಳ ಪಂಚಾಯತ್‌ಗಳಿಗೂ ಸಂವಿಧಾನದ ರಕ್ಷಣೆ ಬೇಕೆಂಬ ವಾದಕ್ಕೆ 1986ರಲ್ಲಿ ಎಲ್.ಎಂ. ಸಿಂಘ್ವಿ ಸಮಿತಿಯ ಶಿಫಾರಸೂ ಬಲ ನೀಡಿತು.

ಮೊದಲ ಪ್ರಯತ್ನ, 1989: ಪ್ರಧಾನಿ ರಾಜೀವ್ ಗಾಂಧಿಯವರು ಮೇ ತಿಂಗಳಲ್ಲಿ 64ನೇ ತಿದ್ದುಪಡಿ ವಿಧೇಯಕವನ್ನು ಲೋಕಸಭೆಯಲ್ಲಿ ಮಂಡಿಸಿದರು. ಆಗಸ್ಟ್‌ನಲ್ಲಿ ಲೋಕಸಭೆ ಅಂಗೀಕರಿಸಿತು. ರಾಜ್ಯಸಭೆಯಲ್ಲಿ ಸ್ಥಿತಿ ಬೇರೆಯಾಗಿತ್ತು. ಕೇಂದ್ರವು ರಾಜ್ಯಗಳನ್ನು ದಾಟಿ ನೇರವಾಗಿ ಹಳ್ಳಿಗಳೊಂದಿಗೆ ವ್ಯವಹರಿಸಲು ಹೊರಟಿದೆ, ಇದು ರಾಜ್ಯಗಳ ಅಧಿಕಾರದ ಮೇಲಿನ ಅತಿಕ್ರಮಣ ಎಂಬುದು ವಿರೋಧ ಪಕ್ಷಗಳ ಆಕ್ಷೇಪವಾಗಿತ್ತು. ಅಕ್ಟೋಬರ್‌ನಲ್ಲಿ ಮತಕ್ಕೆ ಹಾಕಿದಾಗ ಕೆಲವೇ ಮತಗಳ ಕೊರತೆಯಿಂದ ವಿಶೇಷ ಬಹುಮತ ದೊರೆಯಲಿಲ್ಲ. ಜಂಟಿ ಅಧಿವೇಶನಕ್ಕೆ ಅವಕಾಶವಿಲ್ಲದ ಕಾರಣ ವಿಧೇಯಕವು ಅಲ್ಲಿಗೇ ಕೊನೆಗೊಂಡಿತು.

ಎರಡನೇ ಪ್ರಯತ್ನ, 1990: ವಿ.ಪಿ. ಸಿಂಗ್ ಅವರ ಸರ್ಕಾರವು ಸೆಪ್ಟೆಂಬರ್‌ನಲ್ಲಿ 74ನೇ ತಿದ್ದುಪಡಿ ವಿಧೇಯಕವನ್ನು ಮಂಡಿಸಿತು. ಚರ್ಚೆಗೆ ಬರುವ ಮೊದಲೇ ಸರ್ಕಾರ ಬಿದ್ದುಹೋಯಿತು; 1991ರಲ್ಲಿ ಲೋಕಸಭೆಯೂ ವಿಸರ್ಜನೆಯಾಯಿತು. ಲೋಕಸಭೆಯಲ್ಲಿ ಬಾಕಿಯಿರುವ ವಿಧೇಯಕಗಳು ಅದರ ವಿಸರ್ಜನೆಯೊಂದಿಗೆ ವ್ಯಪಗತವಾಗುತ್ತವೆ, ಅಂದರೆ ತಾವಾಗಿಯೇ ರದ್ದಾಗುತ್ತವೆ. ಯಾರೂ ವಿರೋಧಿಸಿ ಮತ ಹಾಕದೆಯೂ ವಿಧೇಯಕವು ಹೀಗೆ ಇಲ್ಲವಾಗಬಲ್ಲದು.

ಮೂರನೇ ಪ್ರಯತ್ನ, 1991-93: ಪಿ.ವಿ. ನರಸಿಂಹ ರಾವ್ ಅವರ ಸರ್ಕಾರವು 1991ರ ಸೆಪ್ಟೆಂಬರ್‌ನಲ್ಲಿ 72ನೇ ತಿದ್ದುಪಡಿ ವಿಧೇಯಕವನ್ನು ಲೋಕಸಭೆಯಲ್ಲಿ ಮಂಡಿಸಿತು. ಕ್ರಮಬದ್ಧ ಚುನಾವಣೆಗಳಿಲ್ಲದಿರುವುದು, ದೀರ್ಘಕಾಲ ಸೂಪರ್‌ಸೀಡ್ ಆಗಿರುವುದು, ದುರ್ಬಲ ವರ್ಗಗಳಿಗೂ ಮಹಿಳೆಯರಿಗೂ ಸಾಕಷ್ಟು ಪ್ರಾತಿನಿಧ್ಯವಿಲ್ಲದಿರುವುದು, ಅಧಿಕಾರ ಮತ್ತು ಹಣದ ಕೊರತೆ ಇವುಗಳಿಂದ ಪಂಚಾಯತ್‌ಗಳು ಬಲಗೊಂಡಿಲ್ಲವೆಂದು ಅದರ ಉದ್ದೇಶ ಮತ್ತು ಕಾರಣಗಳ ಹೇಳಿಕೆ ಒಪ್ಪಿಕೊಂಡಿತು.

ಈ ಬಾರಿ ಸರ್ಕಾರಕ್ಕೆ ಲೋಕಸಭೆಯಲ್ಲಿ ಮೂರನೇ ಎರಡರಷ್ಟು ಬಲವಿರಲಿಲ್ಲ. ಆದ್ದರಿಂದ ಇತರ ಪಕ್ಷಗಳ ಒಪ್ಪಿಗೆ ಅನಿವಾರ್ಯವಾಗಿತ್ತು. ವಿಧೇಯಕವನ್ನು ನಾಥುರಾಮ್ ಮಿರ್ಧಾ ಅವರ ಅಧ್ಯಕ್ಷತೆಯ ಜಂಟಿ ಸಮಿತಿಗೆ ಒಪ್ಪಿಸಲಾಯಿತು. ಸಮಿತಿಯ ವರದಿ ಬಂದ ಬಳಿಕ 1992ರ ಡಿಸೆಂಬರ್ 22ರಂದು ಲೋಕಸಭೆಯೂ, 23ರಂದು ರಾಜ್ಯಸಭೆಯೂ ಅಂಗೀಕರಿಸಿದವು. ಅರ್ಧಕ್ಕಿಂತ ಹೆಚ್ಚು ರಾಜ್ಯಗಳ ಶಾಸನಸಭೆಗಳು ಅನುಸಮರ್ಥಿಸಿದವು. 1993ರ ಏಪ್ರಿಲ್ 20ರಂದು ರಾಷ್ಟ್ರಪತಿ ಡಾ. ಶಂಕರ ದಯಾಳ್ ಶರ್ಮಾ ಅವರು ಅಂಕಿತ ಹಾಕಿದರು. ಏಪ್ರಿಲ್ 24ರಿಂದ ಜಾರಿಗೆ ಬಂದಿತು. ಆ ದಿನವನ್ನು 2010ರಿಂದ ರಾಷ್ಟ್ರೀಯ ಪಂಚಾಯತ್ ರಾಜ್ ದಿನವಾಗಿ ಆಚರಿಸಲಾಗುತ್ತಿದೆ.

72ನೇ ವಿಧೇಯಕವು 73ನೇ ತಿದ್ದುಪಡಿ ಆದದ್ದು ಹೇಗೆಂಬ ಸಂದೇಹ ಕೆಲವರಿಗೆ ಬರಬಹುದು. ವಿಧೇಯಕದ ಸಂಖ್ಯೆಯನ್ನು ಮಂಡನೆಯ ವೇಳೆ ನೀಡಲಾಗುತ್ತದೆ. ತಿದ್ದುಪಡಿಯ ಸಂಖ್ಯೆ ಅಂಗೀಕಾರದ ಸರದಿಯಂತೆ ಬರುತ್ತದೆ. ಇದೇ ಕಾರಣದಿಂದ, ಲೋಕಸಭೆ ಮತ್ತು ವಿಧಾನಸಭೆಗಳಲ್ಲಿ ಮಹಿಳೆಯರಿಗೆ ಮೂರನೇ ಒಂದರಷ್ಟು ಸ್ಥಾನ ಮೀಸಲಿಡುವ 128ನೇ ವಿಧೇಯಕವು 2023ರಲ್ಲಿ 106ನೇ ತಿದ್ದುಪಡಿಯಾಯಿತು. ಆ ವಿಷಯದ ಮೊದಲ ವಿಧೇಯಕವನ್ನು 1996ರಲ್ಲಿ ಎಚ್.ಡಿ. ದೇವೇಗೌಡರ ಸರ್ಕಾರ ಮಂಡಿಸಿತ್ತು. ನಡುವೆ 27 ವರ್ಷಗಳು ಕಳೆದವು. ಗ್ರಾಮ ಪಂಚಾಯತ್‌ಗಳ ಮಹಿಳಾ ಸದಸ್ಯರಿಗೆ ಸಂವಿಧಾನದ ಈ ಭರವಸೆ 1993ರಲ್ಲೇ ದೊರೆತಿತ್ತು.

7. 'ನೀಡಬಹುದು' ಎಂಬ ಒಂದು ಪದ

73ನೇ ತಿದ್ದುಪಡಿಯು ಸಂವಿಧಾನಕ್ಕೆ ಒಂಬತ್ತನೇ ಭಾಗವನ್ನೂ ಹನ್ನೊಂದನೇ ಅನುಸೂಚಿಯನ್ನೂ ಸೇರಿಸಿತು. ಅದರ ಅಂಶಗಳನ್ನು ಎರಡು ಗುಂಪುಗಳಾಗಿ ನೋಡಬೇಕು.

ಕಡ್ಡಾಯವಾದವು: ಐದು ವರ್ಷಗಳ ಅವಧಿ, ಅವಧಿ ಮುಗಿಯುವ ಮೊದಲೇ ಚುನಾವಣೆ, ವಿಸರ್ಜನೆಯಾದರೆ ಆರು ತಿಂಗಳೊಳಗೆ ಚುನಾವಣೆ (243-ಇ), ಪರಿಶಿಷ್ಟ ಜಾತಿ ಮತ್ತು ಪಂಗಡಗಳಿಗೆ ಜನಸಂಖ್ಯೆಗೆ ಅನುಗುಣವಾದ ಮೀಸಲಾತಿ ಹಾಗೂ ಮಹಿಳೆಯರಿಗೆ ಮೂರನೇ ಒಂದಕ್ಕಿಂತ ಕಡಿಮೆಯಿಲ್ಲದ ಸ್ಥಾನಗಳು (243-ಡಿ), ರಾಜ್ಯ ಹಣಕಾಸು ಆಯೋಗ (243-ಐ), ರಾಜ್ಯ ಚುನಾವಣಾ ಆಯೋಗ (243-ಕೆ). ಕರ್ನಾಟಕವು ಮಹಿಳಾ ಮೀಸಲಾತಿಯನ್ನು ಮುಂದೆ ಶೇಕಡ 50ಕ್ಕೆ ಹೆಚ್ಚಿಸಿತು.

ರಾಜ್ಯಕ್ಕೆ ಬಿಟ್ಟವು: 243-ಜಿ ಅನುಚ್ಛೇದವು ಪಂಚಾಯತ್‌ಗಳಿಗೆ ಅಧಿಕಾರವನ್ನು ರಾಜ್ಯದ ವಿಧಾನಮಂಡಲವು ಕಾನೂನಿನ ಮೂಲಕ 'ನೀಡಬಹುದು' ಎನ್ನುತ್ತದೆ; 'ನೀಡತಕ್ಕದ್ದು' ಎನ್ನುವುದಿಲ್ಲ. ಹನ್ನೊಂದನೇ ಅನುಸೂಚಿಯ 29 ವಿಷಯಗಳಲ್ಲಿ ಯಾವುದನ್ನು, ಎಷ್ಟು ಹಣ ಮತ್ತು ಸಿಬ್ಬಂದಿಯೊಂದಿಗೆ ವರ್ಗಾಯಿಸಬೇಕೆಂಬುದು ರಾಜ್ಯದ ತೀರ್ಮಾನ. ಗ್ರಾಮಸಭೆಯ ಅಧಿಕಾರಗಳೂ (243-ಎ) ಗ್ರಾಮ ಪಂಚಾಯತ್ ಅಧ್ಯಕ್ಷರ ಆಯ್ಕೆಯ ವಿಧಾನವೂ (243-ಸಿ) ರಾಜ್ಯ ಕಾನೂನಿಗೆ ಬಿಟ್ಟವೇ.

ಸ್ಥಳೀಯ ಆಡಳಿತವು ರಾಜ್ಯ ಪಟ್ಟಿಯ ವಿಷಯ. ರಾಜ್ಯಗಳ ಆಕ್ಷೇಪ 1989ರಲ್ಲಿ ಒಂದು ವಿಧೇಯಕವನ್ನೇ ಬೀಳಿಸಿತ್ತು. ಈ ಹಿನ್ನೆಲೆಯಲ್ಲಿ ನೋಡಿದಾಗ ಆ ಪದದ ತೂಕ ಅರಿವಾಗುತ್ತದೆ. ಪಂಚಾಯತ್‌ನ ಅಸ್ತಿತ್ವಕ್ಕೆ ಸಂವಿಧಾನವೇ ಜಾಮೀನು. ಪಂಚಾಯತ್‌ನ ಶಕ್ತಿಗೆ ರಾಜ್ಯದ ಶಾಸನಸಭೆ ಹೊಣೆ. ಈ ವ್ಯತ್ಯಾಸವನ್ನು ಅರಿಯದ ಸದಸ್ಯರು ವಿಧಾನಸೌಧದಲ್ಲಿ ಕೇಳಬೇಕಾದುದನ್ನು ದೆಹಲಿಯಲ್ಲಿ ಕೇಳುವಂತಾಗುತ್ತದೆ. ಕರ್ನಾಟಕದಲ್ಲಿ 1993ರ ಮೇ 10ರಿಂದ ಜಾರಿಯಲ್ಲಿರುವ, ಈಗ ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮವೆಂದು ಹೆಸರಾಗಿರುವ ಕಾನೂನೇ ಸದಸ್ಯರ ದೈನಂದಿನ ಅಧಿಕಾರದ ಮೂಲ.

8. ಅಧಿನಿಯಮದಿಂದ ನಿರ್ಣಯದವರೆಗೆ

ಕಚೇರಿಗೆ ಬರುವ ಎಲ್ಲ ಕಾಗದಗಳನ್ನೂ 'ಸರ್ಕಾರದ ಆದೇಶ' ಎಂದು ಒಂದೇ ಸಾಲಿನಲ್ಲಿ ಇಡುವುದು ಸರಿಯಲ್ಲ. ಅವುಗಳ ಶ್ರೇಣಿ ಹೀಗಿದೆ:

(1) ಸಂವಿಧಾನ: ಉಳಿದೆಲ್ಲವೂ ಇದಕ್ಕೆ ಒಳಪಟ್ಟವು.
(2) ಅಧಿನಿಯಮ: ಸಂಸತ್ತು ಅಥವಾ ರಾಜ್ಯ ವಿಧಾನಮಂಡಲ ಮಾಡಿದ ಕಾನೂನು.
(3) ನಿಯಮಗಳು: ಅಧಿನಿಯಮ ನೀಡಿದ ಅಧಿಕಾರದಡಿ ಸರ್ಕಾರ ರಚಿಸುವಂಥವು. ಇವುಗಳನ್ನು ಪರಿಶೀಲಿಸಲು ಸಂಸತ್ತಿನಲ್ಲಿ ಅಧೀನ ಶಾಸನ ಸಮಿತಿಗಳಿವೆ.
(4) ಸರ್ಕಾರಿ ಆದೇಶ ಮತ್ತು ಸುತ್ತೋಲೆ: ಆಡಳಿತದ ಸೂಚನೆಗಳು.
(5) ಪಂಚಾಯತ್‌ನ ಉಪವಿಧಿ ಮತ್ತು ನಿರ್ಣಯ: ಮೇಲಿನವುಗಳ ಮಿತಿಯೊಳಗೆ ಸಭೆ ಕೈಗೊಳ್ಳುವ ತೀರ್ಮಾನಗಳು.

ಕೆಳಗಿನದು ಮೇಲಿನದನ್ನು ಮೀರುವಂತಿಲ್ಲ. ನಿಯಮಕ್ಕೆ ವಿರುದ್ಧವಾದ ಸುತ್ತೋಲೆ ನಿಲ್ಲದು. ಅಧಿನಿಯಮಕ್ಕೆ ವಿರುದ್ಧವಾದ ನಿರ್ಣಯವೂ ನಿಲ್ಲದು. ಉದಾಹರಣೆಗೆ, ಕಾನೂನಿನ ಅಧಿಕಾರವಿಲ್ಲದೆ ಯಾವ ತೆರಿಗೆಯನ್ನೂ ವಿಧಿಸಬಾರದೆಂದು 265ನೇ ಅನುಚ್ಛೇದ ಹೇಳುತ್ತದೆ. ಗ್ರಾಮ ಪಂಚಾಯತ್ ಕಟ್ಟಡ ತೆರಿಗೆ ವಿಧಿಸುವುದು 1993ರ ಅಧಿನಿಯಮದ ಬಲದಿಂದ. ಅಧಿನಿಯಮದಲ್ಲಿಲ್ಲದ ಹೊಸ ತೆರಿಗೆಯನ್ನು ಸಭೆಯು ಸರ್ವಾನುಮತದಿಂದ ಒಪ್ಪಿದರೂ ವಸೂಲಿ ಮಾಡುವಂತಿಲ್ಲ.

9. ಸದಸ್ಯರ ಪಾತ್ರ

(1) ಸರಿಯಾದ ಬಾಗಿಲು ತಟ್ಟುವುದು: ತೊಂದರೆ ಸುತ್ತೋಲೆಯಿಂದ ಬಂದಿದ್ದರೆ ಅದನ್ನು ಹೊರಡಿಸಿದ ಕಚೇರಿಗೆ, ನಿಯಮದಿಂದ ಬಂದಿದ್ದರೆ ಇಲಾಖೆಗೆ, ರಾಜ್ಯ ಅಧಿನಿಯಮದಿಂದ ಬಂದಿದ್ದರೆ ಶಾಸಕರಿಗೆ, ಸಂಸತ್ತಿನ ಅಧಿನಿಯಮದಿಂದ ಬಂದಿದ್ದರೆ ಸಂಸದರಿಗೆ ನಿರ್ಣಯವನ್ನು ಕಳುಹಿಸಬೇಕು. ನಿರ್ಣಯದಲ್ಲಿ ಯಾವ ಕಾನೂನಿನ ಯಾವ ಪ್ರಕರಣ, ಅದರಿಂದ ಗ್ರಾಮದಲ್ಲಿ ಆದ ತೊಂದರೆಯೇನು, ಕೋರುವ ಬದಲಾವಣೆಯೇನು ಈ ಮೂರನ್ನೂ ಬರೆಯಬೇಕು. "ಸೂಕ್ತ ಕ್ರಮ ಕೈಗೊಳ್ಳಲು ಕೋರಿದೆ" ಎಂಬ ಒಂದೇ ಸಾಲಿನ ನಿರ್ಣಯದಿಂದ ಯಾವ ಸಮಿತಿಯೂ ಏನನ್ನೂ ತಿಳಿಯಲಾರದು.

(2) ವಿಧಾನ ಪರಿಷತ್ತಿನ ಮತ: ಕರ್ನಾಟಕ ವಿಧಾನ ಪರಿಷತ್ತಿನ 75 ಸ್ಥಾನಗಳಲ್ಲಿ 25ನ್ನು ಸ್ಥಳೀಯ ಸಂಸ್ಥೆಗಳ ಸದಸ್ಯರು ಆರಿಸುತ್ತಾರೆ. ಗ್ರಾಮ ಪಂಚಾಯತ್ ಸದಸ್ಯರೂ ಇದರ ಮತದಾರರು. ಪಂಚಾಯತ್‌ಗೆ ಏನನ್ನು 'ನೀಡಬಹುದು' ಎಂದು ತೀರ್ಮಾನಿಸುವ ಸದನವೊಂದರಲ್ಲಿ ಪಂಚಾಯತ್ ಸದಸ್ಯರೇ ಆರಿಸಿದ ಪ್ರತಿನಿಧಿಗಳಿದ್ದಾರೆ. ಮತ ಕೇಳಲು ಬಂದ ಅಭ್ಯರ್ಥಿಗೆ 29 ವಿಷಯಗಳ ಬಗ್ಗೆ ಪ್ರಶ್ನೆ ಕೇಳುವ ಹಕ್ಕು ಸದಸ್ಯರಿಗಿದೆ.

(3) ಸಮಿತಿಯ ಬಳಕೆ: ಸಂಸತ್ತಿನಂತೆಯೇ ಗ್ರಾಮ ಪಂಚಾಯತ್‌ನಲ್ಲೂ ಸಾಮಾಜಿಕ ನ್ಯಾಯ ಸಮಿತಿಯಂತಹ ಸಮಿತಿಗಳಿವೆ. ವಿವಾದವಿರುವ ವಿಷಯವನ್ನು ಮೊದಲು ಸಮಿತಿಯಲ್ಲಿ ಪರಿಶೀಲಿಸಿ ವರದಿಯೊಂದಿಗೆ ಸಾಮಾನ್ಯ ಸಭೆಗೆ ತಂದರೆ ಚರ್ಚೆ ಹದಕ್ಕೆ ಬರುತ್ತದೆ.

(4) ತಮ್ಮ ಪೀಠದಲ್ಲಿ ತಾವೇ ಕೂರುವುದು: ಸಂಸತ್ತಿನಲ್ಲಿ ಸದಸ್ಯರ ಪರವಾಗಿ ಇನ್ನೊಬ್ಬರು ಮತ ಹಾಕುವಂತಿಲ್ಲ. ಪ್ರಧಾನಿಯೇ ಆಗಲಿ, ಸಭೆಗೆ ಬಾರದಿದ್ದರೆ ಅವರ ಮತ ಎಣಿಕೆಗೆ ಸಿಗದು. ಗ್ರಾಮ ಪಂಚಾಯತ್ ಸದಸ್ಯತ್ವವೂ ಹಾಗೆಯೇ. ಮಹಿಳಾ ಸದಸ್ಯರ ಪೀಠದಲ್ಲಿ ಪತಿಯೋ ಮಗನೋ ಕುಳಿತು ಮಾತನಾಡುವುದಕ್ಕೆ ಯಾವ ಕಾನೂನಿನಲ್ಲೂ ಆಧಾರವಿಲ್ಲ. ಮೂರು ಪ್ರಯತ್ನಗಳ ನಂತರ, ಎರಡು ಸದನಗಳ ಮತ್ತು ಹಲವು ರಾಜ್ಯಗಳ ಒಪ್ಪಿಗೆ ಪಡೆದು ಬಂದ ಆ ಸ್ಥಾನವನ್ನು ಸಭಾಂಗಣದ ಬಾಗಿಲಿನಲ್ಲಿ ಬಿಟ್ಟುಕೊಡುವುದು ಆ ಕಾನೂನಿನ ಉದ್ದೇಶವನ್ನೇ ಇಲ್ಲವಾಗಿಸಿದಂತೆ.

10. ಸಾರಾಂಶ

ಸಂಸತ್ತು ರಾಷ್ಟ್ರಪತಿ, ಲೋಕಸಭೆ ಮತ್ತು ರಾಜ್ಯಸಭೆಗಳನ್ನು ಒಳಗೊಂಡಿದೆ. ವಿಧೇಯಕವು ಮೂರು ವಾಚನ, ಎರಡು ಸದನ ಮತ್ತು ಅಂಕಿತವನ್ನು ದಾಟಿ ಅಧಿನಿಯಮವಾಗುತ್ತದೆ; ಸಮಿತಿಗೆ ಒಪ್ಪಿಸಿದ್ದರೆ ಅದರ ಪರಿಶೀಲನೆಗೂ ಒಳಪಡುತ್ತದೆ. ಸಂವಿಧಾನ ತಿದ್ದುಪಡಿಗೆ ವಿಶೇಷ ಬಹುಮತ ಬೇಕು. 73ನೇ ತಿದ್ದುಪಡಿ ಪಂಚಾಯತ್‌ನ ಅಸ್ತಿತ್ವವನ್ನು ಭದ್ರಗೊಳಿಸಿತು. ಅಧಿಕಾರದ ಪ್ರಮಾಣವನ್ನು ರಾಜ್ಯಕ್ಕೆ ಬಿಟ್ಟಿತು. ಆ ಪ್ರಮಾಣವನ್ನು ಹೆಚ್ಚಿಸಿಕೊಳ್ಳುವ ಕೆಲಸದಲ್ಲಿ ಗ್ರಾಮ ಪಂಚಾಯತ್‌ನ ಸ್ಪಷ್ಟ, ಸಕಾರಣ ನಿರ್ಣಯಗಳಿಗೆ ಸ್ಥಾನವಿದೆ.

ಸಭೆಯಲ್ಲಿ ಚರ್ಚಿಸಲು ಪ್ರಶ್ನೆಗಳು

1. 245 ಸದಸ್ಯರ ರಾಜ್ಯಸಭೆಯಲ್ಲಿ 210 ಮಂದಿ ಮತ ಹಾಕಿ, 138 ಮಂದಿ ಸಂವಿಧಾನ ತಿದ್ದುಪಡಿಯ ಪರವಾಗಿದ್ದರೆ ವಿಧೇಯಕ ಅಂಗೀಕಾರವಾಗುತ್ತದೆಯೇ? ಲೆಕ್ಕ ಸಹಿತ ತಿಳಿಸಿರಿ.
2. 1989ರ ವಿಧೇಯಕಕ್ಕೆ ಜಂಟಿ ಅಧಿವೇಶನ ಕರೆಯಲಿಲ್ಲವೇಕೆ?
3. ಹನ್ನೊಂದನೇ ಅನುಸೂಚಿಯ 29 ವಿಷಯಗಳ ಪಟ್ಟಿಯನ್ನು ಓದಿ, ತಮ್ಮ ಗ್ರಾಮ ಪಂಚಾಯತ್ ಪ್ರಸ್ತುತ ಹಣ ಮತ್ತು ಸಿಬ್ಬಂದಿ ಸಹಿತ ನಿರ್ವಹಿಸುತ್ತಿರುವ ವಿಷಯಗಳನ್ನು ಗುರುತಿಸಿರಿ.
4. ಕಳೆದ ಒಂದು ವರ್ಷದ ನಡವಳಿ ಪುಸ್ತಕದಿಂದ, ಮೇಲಿನ ಹಂತಕ್ಕೆ ಕಳುಹಿಸಿದ ಒಂದು ನಿರ್ಣಯವನ್ನು ಆರಿಸಿರಿ. ಅದು ಸರಿಯಾದ ಬಾಗಿಲಿಗೆ ಹೋಗಿತ್ತೇ? ಇಲ್ಲವಾದರೆ 9ನೇ ಭಾಗದಲ್ಲಿ ಸೂಚಿಸಿದಂತೆ ಅದನ್ನು ಮರಳಿ ಬರೆಯಿರಿ.

(ಪ್ರಶ್ನೆ 1ರ ಉತ್ತರ: ಇಲ್ಲ. 123ರ ಷರತ್ತು ಪೂರೈಸಿದೆ. ಆದರೆ 210ರ ಮೂರನೇ ಎರಡು ಭಾಗ 140. ಎರಡು ಮತಗಳ ಕೊರತೆಯಿಂದ ವಿಧೇಯಕ ಬಿದ್ದುಹೋಗುತ್ತದೆ.)